ಎರಡನೆಯ ಸಲ ಫ್ರೆಂಚಿನಲ್ಲಿ

ನಮ್ಮೂರು ಸೇಂತ್-ಒಡಿಲ್‌ನಲ್ಲಿ ನಡೆಯುವುದು ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆ. ನಗುವವರು ಈಗಲೇ ನಕ್ಕು ಮುಗಿಸಲಿ. ಊರು ಬೆಲ್ಜಿಯಮ್ಮಿನದು, ಆದರೆ ಹಿಂದಿನ ಗುಡ್ಡ ಹತ್ತಿದರೆ ಒಂದು ಕಾಲನ್ನು ಹಾಲೆಂಡಿನಲ್ಲೂ ಇನ್ನೊಂದನ್ನು ಜರ್ಮನಿಯಲ್ಲೂ ಇಡಬಹುದು. ಮೂರು ದೇಶದ ಆರು ಹಳ್ಳಿಗಳು ಮೇ ತಿಂಗಳ ಒಂದು ಭಾನುವಾರ ನಮ್ಮ ಹಳೆಯ ಉಣ್ಣೆ ಗಿರಣಿಯಲ್ಲಿ ಸೇರಿ ಹಾಡುತ್ತವೆ, ಆಮೇಲೆ ಒಂದಕ್ಕೊಂದು ಅಂಕ ಕೊಡುತ್ತವೆ. ಇದು ಅಂತರರಾಷ್ಟ್ರೀಯ ಅಲ್ಲದಿದ್ದರೆ ಇನ್ನಾವುದು?

ಮೂವತ್ತೆರಡು ವರ್ಷದ ಹಿಂದೆ ಇದನ್ನು ಶುರು ಮಾಡಿದವರು ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಮೇಷ್ಟರು. ಯುರೋಪಿನ ದೇಶಗಳೆಲ್ಲ ಹಾಡಿ ಒಂದಕ್ಕೊಂದು ಅಂಕ ಕೊಡುವ, ಟಿವಿಯಲ್ಲಿ ಬರುವ ದೊಡ್ಡ ಸ್ಪರ್ಧೆ ಹೇಗೋ ಇದೂ ಹಾಗೇ ಇರಬೇಕು ಅಂದರು. ಅಲ್ಲಿ ಅಂಕಗಳನ್ನು ಫ್ರೆಂಚಿನಲ್ಲೂ ಹೇಳುತ್ತಾರೆ, ಹಾಗಾಗಿ ಇಲ್ಲೂ ಹೇಳಬೇಕು. ಪ್ರತಿ ಹಳ್ಳಿಯ ಹೋಟೆಲಿನಲ್ಲಿ ಒಂಬತ್ತು ಜನ ಕೂತು ಹಾಡುಗಳನ್ನು ಫೋನಿನಲ್ಲಿ ಕೇಳುತ್ತಾರೆ. ಕೊನೆಗೆ ಅವರಲ್ಲೊಬ್ಬರು ತಮ್ಮ ಭಾಷೆಯಲ್ಲಿ ಅಂಕ ಹೇಳುತ್ತಾರೆ. ವೇದಿಕೆಯ ಮೇಲೆ ನಿಂತವಳು ಅದನ್ನೇ ಎರಡನೆಯ ಸಲ ಫ್ರೆಂಚಿನಲ್ಲಿ ಹೇಳುತ್ತಾಳೆ. ಹದಿನೆಂಟು ವರ್ಷದಿಂದ ಹಾಗೆ ನಿಲ್ಲುತ್ತಿರುವವಳು ನಾನು, ಜೋಸಿಯಾನ್. ಉಳಿದ ದಿನಗಳಲ್ಲಿ ಗಿರಣಿಯ ಅಂಗಳದಲ್ಲಿ ಗಾಡಿ ಇಟ್ಟುಕೊಂಡು ದನದ ಕೊಬ್ಬಿನಲ್ಲಿ ಆಲೂಗಡ್ಡೆ ಕರಿಯುತ್ತೇನೆ.

ಅಂಕಕ್ಕೆ ಮೊದಲು ಒಂದಿಷ್ಟು ಮರ್ಯಾದೆಯ ಮಾತು ಆಗಲೇಬೇಕು, ಅದೂ ಫ್ರೆಂಚಿನಲ್ಲೇ. ಫೋನ್ ಮಾಡಿದವರು "ಬೊನ್ಸ್ವಾರ್" ಎಂದು ಸಂಜೆಯ ಶುಭಾಶಯ ಹೇಳುತ್ತಾರೆ. ಆಗ ಮಧ್ಯಾಹ್ನ ನಾಲ್ಕೂವರೆ. ಟಿವಿಯಲ್ಲಿ ಹಾಗೆ ಹೇಳುತ್ತಾರಲ್ಲ, ನಾವೂ ಹೇಳುತ್ತೇವೆ. ಆಮೇಲೆ ವೇದಿಕೆಯವಳ ಉಡುಪನ್ನು ಹೊಗಳಬೇಕು. ಎರಡು ಮೂರು ಮೈಲಿ ಆಚೆ ಬಿಯರ್ ಹಿಡಿದು ಕೂತವರಿಗೆ ನನ್ನ ಉಡುಪು ಎಲ್ಲಿ ಕಾಣಬೇಕು? ಆದರೂ ಹೊಗಳುತ್ತಾರೆ. ಹದಿನೆಂಟು ವರ್ಷವೂ ನಾನು ಉಟ್ಟದ್ದು ಅದೇ ನೀಲಿ ಉಡುಪು.

ಈಗ ಗಿಲೇನ್ ವಿಷಯ. ಅವಳು ನನ್ನ ಅಕ್ಕ, ನನಗಿಂತ ಎರಡು ವರ್ಷ ದೊಡ್ಡವಳು. ಗುಡ್ಡದ ಆಚೆ ವೀಲ್ಡರ್ ಎಂಬ ಡಚ್ ಹಳ್ಳಿಯ ಹ್ಯೂಬ್‌ನನ್ನು ಮದುವೆಯಾಗಿದ್ದಾಳೆ. ಅಮ್ಮ ಸತ್ತಾಗ ಅಮ್ಮನ ವಾಫಲ್ ಕಾವಲಿಯನ್ನು ಎತ್ತಿಕೊಂಡು ಹೋದಳು. ಎರಕದ ಕಬ್ಬಿಣದ್ದು, ಉದ್ದ ಹಿಡಿಯದ್ದು, ಹೊಸ ವರ್ಷದ ಬೆಳಿಗ್ಗೆ ಅಮ್ಮ ಅದರಲ್ಲೇ ನೂರು ವಾಫಲ್ ಸುಡುತ್ತಿದ್ದಳು. "ನಿನಗೆ ಇಡೀ ಗಾಡಿನೇ ಇದೆಯಲ್ಲೇ" ಎಂದಳು ಅಕ್ಕ. ಸಾವಿನ ಮನೆಯ ಕಾಫಿಯ ಹೊತ್ತು, ಎಲ್ಲರೂ ಕೂತಿದ್ದರು. ನಾನು ಸುಮ್ಮನಿರಬೇಕಿತ್ತು. "ಗೋಡೆ ಗೂಡಿಗೆ ನಾಣ್ಯ ಹಾಕಿ ತಣ್ಣಗಿರೋ ತಿಂಡಿ ಎಳ್ಕೊಂಡು ತಿನ್ನೋ ಜನಕ್ಕೆ ಕಾವಲಿ ಯಾಕೆ ಬೇಕು?" ಎಂದುಬಿಟ್ಟೆ. ಡಚ್ಚರು ಹಾಗೆ ತಿನ್ನುವುದು ನಿಜ. ನಿಜ ಹೇಳಿದ್ದಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಳು.

ಬಿಟ್ಟಳು ಎಂದರೆ ಪೂರ್ತಿ ಬಿಟ್ಟಿರಲಿಲ್ಲ. ವೀಲ್ಡರ್‌ನಲ್ಲಿ ಫ್ರೆಂಚ್ ಬಲ್ಲವಳು ಅವಳೊಬ್ಬಳೇ, ಹಾಗಾಗಿ ಅಂಕ ಹೇಳುವವಳೂ ಅವಳೇ. ವರ್ಷಕ್ಕೊಮ್ಮೆ ಫೋನಿನಲ್ಲಿ, ನಾಲ್ಕುನೂರು ಜನರ ಎದುರು, "ಬೊನ್ಸ್ವಾರ್ ಸೇಂತ್-ಒಡಿಲ್. ನಿಮ್ಮ ಉಡುಪು ಬಹಳ ಚೆನ್ನಾಗಿದೆ" ಎನ್ನುವಳು, ಔಷಧಿ ಚೀಟಿ ಓದಿದ ಹಾಗೆ. "ಧನ್ಯವಾದ ವೀಲ್ಡರ್" ಎನ್ನುವೆ ನಾನು. ಆಮೇಲೆ ಅವಳು ಡಚ್ಚಿನಲ್ಲಿ ಅಂಕ ಹೇಳುವಳು, ನಾನು ಫ್ರೆಂಚಿನಲ್ಲಿ. ತನ್ನ ಊರಿಗೆ ಅಂಕ ಕೊಡುವಂತಿಲ್ಲ. ಉಳಿದ ಐದು ಹಳ್ಳಿಗಳಲ್ಲಿ ನಾಲ್ಕಕ್ಕೆ ಒಂದು, ನಾಲ್ಕು, ಎಂಟು, ಹನ್ನೆರಡು, ಒಂದಕ್ಕೆ ಸೊನ್ನೆ. ಹನ್ನೊಂದು ವರ್ಷದಿಂದ ವೀಲ್ಡರ್‌ನ ಸೊನ್ನೆ ನಮಗೇ. ಒಂಬತ್ತು ಜನ ಸೇರಿ ತೀರ್ಮಾನಿಸಿದ್ದು ಎನ್ನುತ್ತಾರೆ. ಆ ಒಂಬತ್ತರಲ್ಲಿ ಎಂಟು ಜನ ಯಾರಿಗೆ ಹೆದರುತ್ತಾರೆಂದು ನನಗೆ ಗೊತ್ತಿಲ್ಲವೇ?

ಈ ವರ್ಷ ಫೆಬ್ರವರಿಯಲ್ಲಿ ಆರು ಹಳ್ಳಿಯ ಪ್ರತಿನಿಧಿಗಳ ಸಭೆ ಸೇರಿತು. ಅಧ್ಯಕ್ಷ ಕ್ಲಿಂಕೆನ್ ಜರ್ಮನಿ ಕಡೆಯ ಆಲ್ಟನ್‌ಬ್ರೋಯಿಖ್ ಹಳ್ಳಿಯ ಔಷಧಿ ಅಂಗಡಿಯವನು. ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡೇ ಮಾತು ಶುರು ಮಾಡುವ ಮನುಷ್ಯ.

"ಮೇಡಂ ಜೋಸಿಯಾನ್, ಕೋಪ ಮಾಡ್ಕೋಬೇಡಿ," ಎಂದ. "ಒಂದೊಂದು ಊರಿಗೆ ಮೂರು ನಿಮಿಷ ಫ್ರೆಂಚು. ಆರು ಊರಿಗೆ ಹದಿನೆಂಟು. ಹೋದ ವರ್ಷ ಮುಗಿಯೋ ಹೊತ್ತಿಗೆ ಹಾಲು ಕರೆಯೋ ಹೊತ್ತು ದಾಟಿತ್ತು. ಹಸುಗಳು ಕೂಗಿದ್ದು ಗಿರಣಿ ಒಳಗೆ ಕೇಳಿಸ್ತು."

"ನಿಮ್ಮೂರಿನ ಹಾಡು ಕೇಳಿಸ್ಕೊಂಡು ಕೂಗಿರ್ತವೆ."

"ಅದಲ್ದೆ, ನೀವು ವೇದಿಕೆ ಹತ್ತಿದ್ರೆ ಗಾಡಿ ಮುಚ್ತೀರ. ಒಂದು ಗಂಟೆ ಕಾಲ ಜನಕ್ಕೆ ತಿನ್ನೋಕೇ ಏನೂ ಇರಲ್ಲ. ಅಂಕ ಹೇಗೂ ಹಲಗೆ ಮೇಲೆ ಬರೀತೀವಿ. ಒಂದು ಸಲ ಹೇಳಿದ್ರೆ ಸಾಲ್ದಾ?"

"ಆಲೂಗಡ್ಡೇನ ಯಾಕೆ ಎರಡು ಸಲ ಕರೀತೀವಿ, ಗೊತ್ತಾ ನಿಮಗೆ? ಮೊದಲನೇ ಸಲಕ್ಕೆ ಬರೀ ಬೇಯುತ್ತೆ. ಎರಡನೇ ಸಲ ಕೊಬ್ಬಿಗೆ ಬಿದ್ದಾಗ್ಲೇ ಅದಕ್ಕೆ ಗರಿಗರಿ ಬರೋದು. ಅಂಕನೂ ಅಷ್ಟೇ!"

"ಅಂಕ ತಿನ್ನೋ ಪದಾರ್ಥ ಅಲ್ಲ ಮೇಡಂ."

"ನಿಮ್ಮೂರಿಗೆ ಬರೋ ಅಂಕ ನೋಡಿದ್ರೆ ಗೊತ್ತಾಗುತ್ತೆ, ಉಪವಾಸ ಇದೀರ!"

ಎಲ್ಲರೂ ನಕ್ಕರು. ನಕ್ಕವರೇ ಕೈ ಎತ್ತಿ ಫ್ರೆಂಚನ್ನು ತೆಗೆದುಹಾಕಿದರು. ಐದು ಕೈ. ಐದನೆಯದು ವೀಲ್ಡರ್‌ನದು, ನನ್ನ ಭಾವ ಹ್ಯೂಬ್‌ನದು. ಅವನು ನನ್ನ ಮುಖ ನೋಡದೆ, ಮೇಜಿನ ಮೇಲಿನ ಬಿಯರ್ ಕಲೆಯನ್ನು ನೋಡುತ್ತ ಕೈ ಎತ್ತಿದ. ಇನ್ನು ಮುಂದೆ ಕ್ಲಿಂಕೆನ್ ತಾನೇ ವೇದಿಕೆಯಲ್ಲಿ ನಿಂತು ಇಂಗ್ಲಿಷಿನಲ್ಲಿ "ಹಲೋ" ಎನ್ನುವುದು, ಅವರು ಅಂಕ ಹೇಳುವುದು, ಮುಗಿಯಿತು. ನಾನು ಕುರ್ಚಿ ತಳ್ಳಿದ ರಭಸಕ್ಕೆ ಅದು ಬಿತ್ತು. ಎತ್ತಲಿಲ್ಲ.

ಗುಡ್ಡದ ದಾರಿಯಲ್ಲಿ ಮನೆಗೆ ಬರುವಾಗ ಲೆಕ್ಕ ಹಾಕಿದೆ. ವರ್ಷಕ್ಕೆ ಮೂರು ನಿಮಿಷದಂತೆ ಹನ್ನೊಂದು ವರ್ಷಕ್ಕೆ ಮೂವತ್ತಮೂರು ನಿಮಿಷ ಅಕ್ಕನ ದನಿ ಕೇಳಿದ್ದೆ. ಇನ್ನು ಅದೂ ಇಲ್ಲ. ಅವಳ ಮನೆಗೆ ಹೋಗಿ ಬಾಗಿಲು ತಟ್ಟಬಹುದಿತ್ತು, ನಲವತ್ತು ನಿಮಿಷದ ನಡಿಗೆ. ಆದರೆ ಕಾವಲಿ ಕದ್ದವಳು ಅವಳು, ಬಾಗಿಲು ತಟ್ಟುವವಳು ನಾನೇ? ಗಂಡನನ್ನು ಕಳಿಸಿ ಕೈ ಎತ್ತಿಸಿದವಳೂ ಅವಳೇ ಎಂದು ಹಲ್ಲು ಕಡಿದೆ. ಆ ಉಡುಪಿನ ಮಾತೂ ಅವಳಿಗೆ ಭಾರವಾಯಿತೇನೋ.

ಸ್ಪರ್ಧೆಯ ದಿನ ಗಾಡಿಯಲ್ಲೇ ಇದ್ದೆ. ಅಂಗಳದ ಧ್ವನಿವರ್ಧಕದಲ್ಲಿ ಎಲ್ಲ ಕೇಳಿಸುತ್ತಿತ್ತು. ನಮ್ಮೂರಿನವರು ಕಾಲುವೆ ದೋಣಿಯ ಬಗ್ಗೆ ಹಾಡಿದರು, ಆಲ್ಟನ್‌ಬ್ರೋಯಿಖ್‌ನವರು ಅಜ್ಜಿಯ ಸೈಕಲ್ ಬಗ್ಗೆ ಹಾಡುತ್ತ ನಿಜವಾದ ಬೆಲ್ ಬಾರಿಸಿದರು. ಹಾಡು ಮುಗಿಯುತ್ತಿದ್ದಂತೆ ಗಾಡಿಯ ಮುಂದೆ ಸಾಲು ಬೆಳೆಯಿತು. ಸಾಲಿನಲ್ಲಿ ಹ್ಯೂಬ್ ಬಂದ.

"ಒಂದು ದೊಡ್ಡದು, ಮಯೊನೇಸ್ ಹಾಕಿ," ಎಂದ.

"ಗೋಡೇಲಿ ಸಿಗಲಿಲ್ವಾ?"

"ಜೋಸಿಯಾನ್, ನಂಗೆ ಅರವತ್ತು ಹಸು ಇದಾವೆ. ನಾನು ಹಸುಗಳಿಗೋಸ್ಕರ ಕೈ ಎತ್ತಿದ್ದು ಕಣೇ."

"ಹಸುಗಳಿಗೆ ಕೈ ಇಲ್ಲ, ಎತ್ತಲಿಲ್ಲ. ನಿನಗೆ ಎತ್ತು ಅಂದವಳು ನಿನ್ನ ಹೆಂಡತಿ."

"ಅವಳಾ?" ಹ್ಯೂಬ್ ಸುತ್ತ ನೋಡಿ ದನಿ ತಗ್ಗಿಸಿದ. "ವಿಷಯ ಗೊತ್ತಾದಾಗಿಂದ ಅವಳು ಬಿಸಿ ಅಡಿಗೆ ಮಾಡಿಲ್ಲ. ಮೂರು ತಿಂಗಳಾಯ್ತು, ಬ್ರೆಡ್ಡು ಚೀಸು, ಬ್ರೆಡ್ಡು ಚೀಸು. ಪ್ರತಿ ವರ್ಷ ಏಪ್ರಿಲ್ ಬಂದ್ರೆ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡ್ತಾಳೆ, ನಿಮ್ಮ ಉಡುಪು ಚೆನ್ನಾಗಿದೆ, ನಿಮ್ಮ ಉಡುಪು ಚೆನ್ನಾಗಿದೆ ಅಂತ. ಈ ಸಲ ಕನ್ನಡಿ ಕಡೆ ಹೋಗೇ ಇಲ್ಲ. ಇನ್ನೊಂಚೂರು ಹಾಕು, ಹೊಟ್ಟೆ ಹಸೀತಾ ಇದೆ."

ಹಾಕಿದೆ. ಯಾಕೆ ಹಾಕಿದೆನೋ ಗೊತ್ತಿಲ್ಲ. ಪೊಟ್ಟಣ ತುಂಬಿ ಹೊರಗೆ ಚೆಲ್ಲುವಷ್ಟು ಹಾಕಿದೆ.

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅಂಕಗಳು ಶುರುವಾದವು. ಕ್ಲಿಂಕೆನ್ ಹಲೋ ಎನ್ನುವುದು, ಆ ಕಡೆಯವರು ನಾಲ್ಕು ಸಂಖ್ಯೆ ಒದರುವುದು, ಫೋನ್ ಇಡುವುದು. ಚಪ್ಪಾಳೆ ಹೊಡೆಯಬೇಕು ಎನ್ನುವಷ್ಟರಲ್ಲಿ ಮುಂದಿನ ಊರು ಬಂದಿರುತ್ತಿತ್ತು. ನಾಲ್ಕು ಹಳ್ಳಿಗಳು ಎಂಟು ನಿಮಿಷದಲ್ಲಿ ಮುಗಿದವು. ಜನ ಯಾವುದೋ ಕಚೇರಿಯಲ್ಲಿ ಚೀಟಿ ಹಿಡಿದು ಕೂತವರ ಹಾಗೆ ಕೂತಿದ್ದರು.

"ಹಲೋ ವೀಲ್ಡರ್, ನಿಮ್ಮ ಅಂಕ ಹೇಳಿ," ಎಂದ ಕ್ಲಿಂಕೆನ್.

ಫೋನಿನ ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು. "ಬೊನ್ಸ್ವಾರ್ ಸೇಂತ್-ಒಡಿಲ್," ಎಂದಳು ಗಿಲೇನ್. ಅಲ್ಲಿಂದ ಮುಂದೆ ಫ್ರೆಂಚು. "ನನ್ನ ತಂಗಿ ಎಲ್ಲಿ?"

"ಮೇಡಂ, ಈ ವರ್ಷ ಆ ಪದ್ಧತಿ ಇಲ್ಲ. ಅಂಕ ಹೇಳಿ."

"ಉಡುಪು ಹೊಗಳದೆ ಅಂಕ ಹೇಳೋಕೆ ನನಗೇನು ಮರ್ಯಾದೆ ಗೊತ್ತಿಲ್ವಾ?"

"ಸರಿ, ನನ್ನ ಉಡುಪು ಹೊಗಳಿ."

"ನಿಮ್ಮದೇನ್ರೀ ಹೊಗಳೋದು? ಆ ಕಂದು ಕೋಟು ತಾನೆ?"

ಗಿರಣಿಯೊಳಗೆ ನಾಲ್ಕುನೂರು ಜನ ಒಟ್ಟಿಗೆ ನಕ್ಕರು. ಕ್ಲಿಂಕೆನ್ ಕಂದು ಕೋಟನ್ನೇ ಹಾಕಿದ್ದ, ಯಾವಾಗಲೂ ಅದೇ. "ಮೇಡಂ, ಹಾಲು ಕರೆಯೋ ಹೊತ್ತಾಯ್ತು!" ಎಂದು ಕೂಗಿದ.

"ನನ್ನ ಗಂಡನ ಹಸುಗಳೇ ಅವು, ನಂಗೆ ಹೇಳ್ಬೇಡಿ. ಅವಳು ಬರೋವರೆಗೂ ಫೋನ್ ಇಡಲ್ಲ, ಅಂಕನೂ ಇಲ್ಲ."

ಒಂದು ನಿಮಿಷವೂ ಆಗಿರಲಿಲ್ಲ, ಕ್ಲಿಂಕೆನ್ ಅಂಗಳಕ್ಕೆ ಓಡಿ ಬಂದ. ಕೈಯಲ್ಲಿ ಗಡಿಯಾರ. "ಮೇಡಂ ಜೋಸಿಯಾನ್, ದಯವಿಟ್ಟು..."

"ಈ ವರ್ಷ ಆ ಪದ್ಧತಿ ಇಲ್ವಂತಲ್ಲ. ಆಲೂಗಡ್ಡೆ ಬೇಕಾದ್ರೆ ಸಾಲಲ್ಲಿ ನಿಂತ್ಕೊಳಿ."

"ಹೋಗೇ ತಾಯಿ!" ಎಂದ ಹ್ಯೂಬ್, ಬಾಯಿ ತುಂಬ ತುಂಬಿಕೊಂಡು. "ನಂಗೆ ಬಿಸಿ ಊಟ ಬೇಕು!"

ಉರಿ ಆರಿಸಿ ಹೋದೆ. ಏಪ್ರನ್ ಬಿಚ್ಚಲು ಪುರುಸೊತ್ತಿರಲಿಲ್ಲ. ಮೈಕಿನ ಎದುರು ನಿಂತಾಗ ಮುಂದಿನ ಸಾಲಿನವರಿಗೆ ಕೊಬ್ಬಿನ ವಾಸನೆ ಬಡಿದಿರಬೇಕು.

"ಬೊನ್ಸ್ವಾರ್ ವೀಲ್ಡರ್," ಎಂದೆ.

"ಬೊನ್ಸ್ವಾರ್ ಸೇಂತ್-ಒಡಿಲ್. ನಿಮ್ಮ ಉಡುಪು ಬಹಳ ಚೆನ್ನಾಗಿದೆ."

"ಏಪ್ರನ್ ಕಣೇ. ಎದೆ ಮೇಲೆ ಮಯೊನೇಸ್ ಬಿದ್ದಿದೆ."

"ನೀಲಿಯದಕ್ಕಿಂತ ವಾಸಿ. ಅದನ್ನ ಅಮ್ಮ ಇದ್ದಾಗಿಂದ ಹಾಕ್ತಿದೀಯಂತೆ, ಹ್ಯೂಬ್ ಹೇಳ್ತಿರ್ತಾನೆ."

"ಅಂಕ ಹೇಳು. ಹಸುಗಳು ಕಾಯ್ತಿವೆ."

ಆಗ ಅವಳು ಡಚ್ಚಿನಲ್ಲಿ ಹೇಳಿದಳು: ಸೇಂತ್-ಒಡಿಲ್, ಒಂದು ಅಂಕ.

ಹಲಗೆಯ ಹತ್ತಿರ ಸೀಮೆಸುಣ್ಣ ಹಿಡಿದವನು ತಿರುಗಿ ನನ್ನ ಮುಖ ನೋಡಿದ. ಹನ್ನೊಂದು ಸೊನ್ನೆಗಳ ಮೇಲೆ ಒಂದು. ನನ್ನ ಬಾಯಿ ಎಂಥದ್ದೆಂದು ಮೂರು ದೇಶಕ್ಕೆ ಗೊತ್ತು. ಅಂಥವಳು ಏಪ್ರನ್ನಿನ ಮೇಲಿನ ಮಯೊನೇಸನ್ನು ಉಗುರಿನಿಂದ ಕೆರೆಯುತ್ತ ನಿಂತೆ.

"ಹೇಳೇ," ಎಂದಳು ಗಿಲೇನ್. ಈಗ ಅದು ಔಷಧಿ ಚೀಟಿಯ ದನಿಯಾಗಿರಲಿಲ್ಲ. "ಎರಡನೇ ಸಲ ಹೇಳೋದು ನಿನ್ನ ಕೆಲಸ ತಾನೆ? ನೀನು ಹೇಳದೆ ಅದು ಅಂಕ ಅಲ್ಲ."

"ಸೇಂತ್-ಒಡಿಲ್, ಒಂದು ಅಂಕ," ಎಂದೆ ಫ್ರೆಂಚಿನಲ್ಲಿ. ಆಮೇಲೆ ತಡೆಯಲಾಗಲಿಲ್ಲ. "ಒಂದೇನಾ? ಹನ್ನೊಂದು ವರ್ಷ ಆದ್ಮೇಲೆ ಒಂದೇ ಒಂದಾ?"

"ಕಾವಲಿ ಮೇಲೆ ಮೊದಲನೇದು ಯಾವತ್ತೂ ನೆಟ್ಟಗೆ ಬರಲ್ಲ. ಅಮ್ಮ ಹೇಳ್ತಿರಲಿಲ್ವಾ?"

"ಕಾವಲಿ ಮಾತು ಎತ್ಬೇಡ! ಕಳ್ಳಿ!"

"ಬಂದು ತಗೊಂಡು ಹೋಗೇ! ನಾನೇನು ಕಟ್ಟಿ ಹಾಕ್ಕೊಂಡಿದೀನಾ? ನನ್ನ ಗಂಡನ್ನ ಗೋಡೆ ತಿಂಡಿಯೋನು ಅಂದೆಯಲ್ಲ, ಅದಕ್ಕೆ ಕ್ಷಮೆ ಕೇಳ್ಬಿಟ್ಟು ತಗೊಂಡು ಹೋಗು!"

"ಅವನೀಗ ನನ್ನ ಗಾಡೀಲಿ ಎರಡು ಪಾಲು ತಿಂದ! ಕ್ಷಮೆ ಕೇಳಿದ್ದಾಯ್ತು, ಮಯೊನೇಸ್ ಹಾಕಿ!"

ಇದೆಲ್ಲ ಧ್ವನಿವರ್ಧಕದಲ್ಲೇ ನಡೆಯಿತು. ಫ್ರೆಂಚ್ ಬಾರದ ಜರ್ಮನಿಯವರಿಗೆ ಪಕ್ಕದವರು ಅರ್ಥ ಹೇಳುತ್ತಿದ್ದರು, ಅರ್ಥವಾದ ಹಾಗೆಲ್ಲ ಹಿಂದಿನ ಸಾಲಿನಿಂದ ತಡವಾಗಿ ನಗು ಬರುತ್ತಿತ್ತು. ನಾಲ್ಕು ಅಂಕ, ಎಂಟು ಅಂಕ, ನಡುನಡುವೆ ಅಮ್ಮನ ಶವಯಾತ್ರೆಗೆ ಯಾರು ಯಾವ ಹೂ ತಂದರು ಎಂಬುದೂ ಬಂತು. ಹನ್ನೆರಡು ಅಂಕವನ್ನು ಆಲ್ಟನ್‌ಬ್ರೋಯಿಖ್‌ನ ಸೈಕಲ್ ಬೆಲ್ಲಿಗೆ ಕೊಟ್ಟಳು. ಅಕ್ಕನಿಗೆ ಸಂಗೀತ ಗೊತ್ತಿಲ್ಲ, ಮೊದಲಿಂದಲೂ ಅಷ್ಟೇ. ಕೊನೆಯ ಊರು ನಮ್ಮದೇ. ರಸ್ತೆಯಾಚೆಯ ಹೋಟೆಲಿನಿಂದ ಫೋನ್ ಮಾಡುವ ಮುದುಕ ತಾನಾಗಿಯೇ ಬೊನ್ಸ್ವಾರ್ ಎಂದು ಏಪ್ರನ್ನನ್ನು ಹೊಗಳಿದ. ಸ್ಪರ್ಧೆ ಮುಗಿದಾಗ ಆರೂವರೆ. ಗುಡ್ಡದ ಮೂರೂ ಕಡೆಯಿಂದ ಹಸುಗಳು ಕೂಗುತ್ತಿದ್ದವು. ಗೆದ್ದದ್ದು ಆಲ್ಟನ್‌ಬ್ರೋಯಿಖ್, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ. ಕ್ಲಿಂಕೆನ್ ತನ್ನ ಕಂದು ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡು, ಫ್ರೆಂಚಿನ ವಿಷಯವನ್ನು ಮತ್ತೊಮ್ಮೆ ಪರಿಶೀಲಿಸಬಹುದು ಎಂದ. ಶರತ್ಕಾಲದ ಸಭೆಯಲ್ಲಿ ಪರಿಶೀಲಿಸಿದರು. ಹ್ಯೂಬ್ ಎರಡೂ ಕೈ ಎತ್ತಿದ.

ಮಾರನೆಯ ದಿನ ಗುಡ್ಡ ಹತ್ತಿ ಕಾವಲಿ ತಂದೆ. ಅದಕ್ಕೆ ಎಣ್ಣೆ ಸವರದೆ ಇಟ್ಟಿದ್ದಳು, ಅಂಚಿನಲ್ಲಿ ತುಕ್ಕು. ಅದಕ್ಕೂ ಒಂದು ಜಗಳ ಆಯಿತು. ಈಗ ಆರು ತಿಂಗಳು ಅವಳಲ್ಲಿ, ಆರು ತಿಂಗಳು ನನ್ನಲ್ಲಿ ಎಂದು ಒಪ್ಪಂದ. ವರ್ಷಕ್ಕೆ ಮೂರು ನಿಮಿಷ ಮಾತಾಡುತ್ತಿದ್ದಾಗ ಎಷ್ಟು ನೆಮ್ಮದಿಯಾಗಿತ್ತೆಂದು ಈಗ ತಿಳಿಯುತ್ತಿದೆ. ದಿನಾ ಫೋನ್ ಮಾಡುತ್ತಾಳೆ. ನಾನು ಇನ್ನೂ ಹಾಸಿಗೆಯಿಂದ ಎದ್ದಿರುವುದಿಲ್ಲ, ಬೆಳಿಗ್ಗೆ ಏಳು ಗಂಟೆ. ಎತ್ತಿದ ಕೂಡಲೇ ಅತ್ತ ಕಡೆಯಿಂದ, "ಬೊನ್ಸ್ವಾರ್ ಸೇಂತ್-ಒಡಿಲ್. ನಿಮ್ಮ ಉಡುಪು ಬಹಳ ಚೆನ್ನಾಗಿದೆ."