ಮಕ್ಕಳನ್ನ ನೋಡ್ಕೊಳ್ಳೋಕೂ ಓದ್ಬೇಕಾ?

ಜೀವನ್ ಬಿಮಾ ನಗರದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಬರವಿಲ್ಲ. ಬೆಳಗ್ಗೆ ಒಂಬತ್ತಾಯಿತೆಂದರೆ ಎಲ್ಲರಿಗೂ ಒಂದೇ ಚಿಂತೆ, ಮಗುವನ್ನು ಎಲ್ಲಿ ಬಿಡೋದು? ಐದು ಮನೆಯವರಿಗೆ ಆ ಚಿಂತೆ ತಪ್ಪಿಸಿದವಳು ಧನಲಕ್ಷ್ಮಿ. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಐದು ಮಕ್ಕಳಿಗೆ ಊಟ ಮಾಡಿಸಿ, ಹಾಡು ಹೇಳಿಕೊಟ್ಟು, ಸಂಜೆಯವರೆಗೆ ನೋಡಿಕೊಳ್ಳುತ್ತಿದ್ದಳು. ಮನೆ ಚೊಕ್ಕಟ, ಮಾತು ಮೃದು. ಬೆರಳು ಮಾಡಿ ತೋರಿಸೋಕೆ ಏನೂ ಇರಲಿಲ್ಲ.

ಎದುರು ಮನೆಯ ಸುಕನ್ಯ ನರ್ಸರಿ ಶಾಲೆಯ ಟೀಚರು. ಒಂದು ದಿನ ಬಂದು ಹೇಳಿದಳು: "ಧನು, ಹಲಸೂರಲ್ಲಿ ಒಂದು ಮಹಿಳಾ ಸಂಘದವ್ರು ಟ್ರೈನಿಂಗ್ ಕೊಡ್ತಾರೆ. ನಿನ್ನ ಥರ ಮನೇಲೇ ಮಕ್ಕಳನ್ನ ನೋಡ್ಕೊಳ್ಳೋರಿಗೆ ಅಂತಾನೇ. ಹತ್ತನೇ ಕ್ಲಾಸ್ ಪಾಸಾಗಿರ್ಬೇಕು, ಆಗಿದೀಯ. ಮೂರು ತಿಂಗಳು, ಶನಿವಾರ ಮಾತ್ರ. ಸೇರ್ಕೊಳ್ಳೇ."

ಧನಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಹೋಗೇ! ಎರಡು ಹೆತ್ತು, ನಾದಿನಿ ಮಕ್ಕಳನ್ನೂ ಸಾಕಿದೀನಿ. ಇನ್ನು ನಂಗೆ ಕಲಿಸ್ತಾರಂತೆ!"

ಒಳಗಿನಿಂದ ಅತ್ತೆ ಅಣ್ಣಮ್ಮ ದನಿ ಸೇರಿಸಿದರು. "ಅನ್ನ ಕಲೆಸಿ ತಿನ್ಸೋಕೆ ಸರ್ಟಿಫಿಕೇಟಾ? ಕಾಲ ಕೆಟ್ಟೋಯ್ತು ಕಣಮ್ಮ."

"ನಿನ್ನ ಮಕ್ಕಳು ಯಾಕೆ ಅಳ್ತಾರೆ ಅಂತ ನಿಂಗೆ ಗೊತ್ತಾಗತ್ತೆ. ಬೇರೆಯವರ ಮಕ್ಕಳು?" ಎಂದಳು ಸುಕನ್ಯ.

"ಅಳು ಅಂದ್ರೆ ಅಳು. ಅದ್ರಲ್ಲೇನು ನಿಂದು ನಂದು?" ಎಂದು ಧನಲಕ್ಷ್ಮಿ ಮಾತು ಮುಗಿಸಿದಳು.

ಇದು ೧೯೯೮ರ ಏಪ್ರಿಲ್. ಅದೇ ವಾರ ಆರನೆಯ ಮಗುವೊಂದು ಬಂತು. ಹೆಸರು ಮೊಹ್ಸಿನ್, ಎರಡು ವರ್ಷ. ತಾಯಿ ಫಾಯಿಜಾ ಆಫೀಸೊಂದರಲ್ಲಿ ಟೈಪಿಸ್ಟ್, ತವರು ಶಿವಾಜಿನಗರ, ಮನೆಯಲ್ಲಿ ಆಡುವುದು ದಖ್ನಿ ಉರ್ದು. ಧನಲಕ್ಷ್ಮಿಗೆ ಕನ್ನಡ, ತೆಲುಗು ಬಿಟ್ಟರೆ ಬೇರೆ ಬಾರದು. ಮಗುವಿಗೆ ಮುದ್ದು ಸಾಕು, ಭಾಷೆ ಯಾಕೆ ಅಂದುಕೊಂಡಳು.

ನಾಲ್ಕನೆಯ ದಿನ ಬಿಸಿಲು ಧಗಧಗ. ಮೊಹ್ಸಿನ್‌ಗೆ ಎರಡು ಸಲ ಭೇದಿಯಾಯಿತು. ಚಡ್ಡಿ ಬದಲಿಸಿ, ಹಲ್ಲು ಬರೋ ಹೊತ್ತು ಅಂತ ಸುಮ್ಮನಾದಳು. ಆಮೇಲೆ ಅವನು ಅವಳ ಸೆರಗು ಹಿಡಿದು ಬಾಗಿಲ ಕಡೆ ಕೈ ತೋರಿಸಿ, "ಹೋನಾ, ಹೋನಾ" ಎಂದು ಅಳತೊಡಗಿದ.

"ಹೋಣ, ಹೋಣ! ನಿಮ್ಮಮ್ಮ ಬಂದ್ಬಿಡ್ಲಿ, ಮನೆಗೆ ಹೋಗುವಂತೆ, ಕಂದ" ಎಂದು ರಮಿಸಿದಳು. ಕಾಗೆ ತೋರಿಸಿದಳು, ಗಿಲಕಿ ಕೊಟ್ಟಳು. ಮಗು ಮತ್ತೆ ಅದೇ ಬಾಗಿಲು, ಅದೇ ಮಾತು. ಮೂರು ಗಂಟೆಗೆ ಅಳು ನಿಂತಿತು. ಸದ್ಯ, ಹೊಂದಿಕೊಂಡ ಎಂದು ಧನಲಕ್ಷ್ಮಿ ನಿಟ್ಟುಸಿರು ಬಿಟ್ಟಳು.

ಸಂಜೆ ಫಾಯಿಜಾ ಎತ್ತಿಕೊಂಡಾಗ ಮಗುವಿನ ಕತ್ತು ವಾಲಿತು. ತುಟಿ ಒಣಗಿ ಬಿರಿದಿತ್ತು.

"ಅಕ್ಕಾ, ನೀರು ಕೊಟ್ರಾ?"

"ಅವನು ಕೇಳ್ಲೇ ಇಲ್ವಲ್ಲಮ್ಮ! ಬೆಳಗಿಂದ ಹೋಣ ಹೋಣ ಅಂತ ಮನೆಗೆ ಹೋಗೋಕೆ ಹಟ ಮಾಡ್ತಿದ್ದ."

ಫಾಯಿಜಾ ಬಾಗಿಲ ಕಡೆ ನೋಡಿದಳು. ಪಕ್ಕದ ಸ್ಟೂಲಿನ ಮೇಲೆ ನೀರಿನ ಹೂಜಿ ಇತ್ತು. "ಯಾ ಅಲ್ಲಾ! ನಮ್ ಮಾತಲ್ಲಿ ಹೋನಾ ಅಂದ್ರೆ ಬೇಕು ಅಂತ, ಅಕ್ಕಾ. ನೀರು ಬೇಕು ಅಂತ ಕೇಳಿದಾನೆ ನನ್ ಮಗ!"

ಆಟೋ ಹಿಡಿದು ಆಸ್ಪತ್ರೆಗೆ ಓಡಿದರು. ಎರಡು ದಿನ ಡ್ರಿಪ್ ಹಾಕಿದರು. ಮಗು ಉಳಿಯಿತು. ಸುಕನ್ಯ ಮನೆಗೆ ಬಂದಾಗ ಧನಲಕ್ಷ್ಮಿಗೆ ತಡೆಯಲಾಗಲಿಲ್ಲ. ನಾಚಿಕೆ, ಭಯ ಎರಡೂ.

"ಅವರ ಭಾಷೆ ಬರ್ದೇ ಇದ್ದದ್ದು ನನ್ನ ತಪ್ಪಾ, ಸುಕನ್ಯ?"

"ಅದಲ್ಲ ಕಣೇ. ಕೇಳ್ದೇ ಇದ್ದದ್ದು ತಪ್ಪು. ಮಗೂನ ಸೇರಿಸ್ಕೊಳ್ಳೋ ದಿನವೇ ನೀರಿಗೆ, ಹಸಿವಿಗೆ, ನೋವಿಗೆ ಅದು ಏನನ್ನತ್ತೆ ಅಂತ ತಾಯೀನ ಕೇಳಿ ಬರ್ಕೋಬೇಕು. ಭೇದಿ ಆದ್ರೆ ಮಗು ಕೇಳ್ಲಿ ಬಿಡ್ಲಿ, ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಸ್ತಾ ಇರ್ಬೇಕು. ಕಣ್ಣೀರಿಲ್ದೆ ಅತ್ರೆ, ಉಚ್ಚೆ ಕಮ್ಮಿಯಾದ್ರೆ, ಸಪ್ಪಗೆ ಸುಮ್ಮನಾದ್ರೆ ಡಾಕ್ಟರ ಹತ್ರ ಓಡ್ಬೇಕು. ಟ್ರೈನಿಂಗಲ್ಲಿ ಹೇಳ್ಕೊಡೋದು ಇದನ್ನೇ."

"ಅವನು ಸುಮ್ಮನಾದಾಗ ನಾನು ಖುಷಿಪಟ್ಟೆ ಕಣೇ" ಎಂದು ಧನಲಕ್ಷ್ಮಿ ಬಿಕ್ಕಿದಳು.

ಅಣ್ಣಮ್ಮ ಈ ಸಲ ಗೊಣಗಲಿಲ್ಲ. "ಎದ್ದು ಮುಖ ತೊಳ್ಕೊ. ಹೋಗಿ ಹೆಸರು ಬರಿಸಿ ಬಾ. ಶನಿವಾರ ಅಡುಗೆ ನಂದು" ಎಂದರು.

ಟ್ರಂಕಿನ ತಳದಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹೊರಬಂತು. ಮೂರು ತಿಂಗಳ ಪಾಠದ ಮೇಲೆ, ಅನುಭವಸ್ಥೆಯೊಬ್ಬರ ಶಿಶುವಿಹಾರದಲ್ಲಿ ಇನ್ನೊಂದು ತಿಂಗಳು ಶನಿವಾರಗಳಲ್ಲಿ ಅವರ ಕೈಕೆಳಗೆ ದುಡಿದಳು. ಪ್ರಥಮ ಚಿಕಿತ್ಸೆ ಕಲಿತಳು. ಯಾವ ವಯಸ್ಸಿಗೆ ಯಾವ ಆಟ, ಎರಡು ವರ್ಷದ ಕೈಗೆ ಬಳಪ ಕೊಟ್ಟು ಅಕ್ಷರ ತಿದ್ದಿಸಬಾರದೇಕೆ ಅನ್ನುವುದೂ ತಿಳಿಯಿತು. ಪರೀಕ್ಷೆ ಪಾಸಾಯಿತು.

ಸೆಪ್ಟೆಂಬರಿನಲ್ಲಿ ಫಾಯಿಜಾ ಬಂದಳು. ಮೊಹ್ಸಿನ್ ಕಂಕುಳಲ್ಲಿದ್ದ. ಹೊಸ್ತಿಲು ದಾಟದೆ ನಿಂತಳು.

"ಅಕ್ಕಾ, ಇಷ್ಟು ದಿನ ತವರಲ್ಲಿ ಬಿಡ್ತಿದ್ದೆ, ಇನ್ನು ಆಗಲ್ಲ. ಇಲ್ಲಿ ಬಿಟ್ಟು ಹೋಗೋಕೆ ಭಯ. ಕೆಲಸ ಬಿಡೋಕೂ ಆಗಲ್ಲ. ಒಂದೆರಡು ಮಾತು ಕೇಳ್ಲಾ?"

ಒಂದೆರಡಲ್ಲ, ಹತ್ತು ಕೇಳಿದಳು. ಬಿದ್ದು ತಲೆಗೆ ಪೆಟ್ಟಾದರೆ? ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ? ನೀವು ಒಳಗೆ ಹೋದಾಗ ಮಕ್ಕಳ ಹತ್ತಿರ ಯಾರಿರುತ್ತಾರೆ? ಧನಲಕ್ಷ್ಮಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಪುಸ್ತಕ ತೆಗೆದು ಮೊಹ್ಸಿನ್‌ನ ಮಾತುಗಳನ್ನು ಕೇಳಿ ಬರೆದುಕೊಂಡಳು.

"ಬೇಜಾರಾಯ್ತಾ, ಅಕ್ಕಾ?"

"ಇನ್ನೂ ಕೇಳಮ್ಮ. ಮೊದಲನೇ ದಿನ ಯಾರಾದ್ರೂ ಹೀಗೆ ಕೇಳಿದ್ದಿದ್ರೆ, ನನ್ನ ಬಂಡವಾಳ ಎಷ್ಟು ಅಂತ ನಂಗೇ ಗೊತ್ತಾಗಿರೋದು."

ಫಾಯಿಜಾ ಒಳಗೆ ಬಂದು ಮಗುವನ್ನು ಚಾಪೆಯ ಮೇಲೆ ಇಳಿಸಿದಳು.

ಮನೆಯಲ್ಲೇ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಅಕ್ಕಂದಿರೇ, ನಿಮ್ಮ ಪ್ರೀತಿಯನ್ನು ಯಾರೂ ಅನುಮಾನಿಸುತ್ತಿಲ್ಲ. ಧನಲಕ್ಷ್ಮಿಗೂ ಪ್ರೀತಿಗೆ ಕೊರತೆಯಿರಲಿಲ್ಲ. ತರಬೇತಿಗೆ ಸೇರಿ, ಇವತ್ತೇ ವಿಚಾರಿಸಿ. ತಾಯಂದಿರೇ, ಮಗುವನ್ನು ಬಿಡುವ ಮೊದಲು, ನೋಡಿಕೊಳ್ಳುವವರನ್ನು ಏನು ಕಲಿತಿದ್ದೀರಿ ಅಂತ ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ. ಬಾಯಿಬಿಟ್ಟು ಹೇಳಲು ನಿಮ್ಮ ಮಗುವಿಗೆ ಇನ್ನೂ ಬರುವುದಿಲ್ಲ.