ಕೆಂಪು ಗುಂಡಿ

"ಮಧ್ಯೆ ಸ್ವಲ್ಪ ನಿಲ್ಲಿಸಪ್ಪ," ಎಂದು ಗುತ್ತಿಗೆದಾರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಾಗ ಲಿಫ್ಟಿನಲ್ಲಿ ಒಂಬತ್ತು ಜನರಿದ್ದರು.

ಸಂಸತ್ತಿನ ಲಿಫ್ಟ್ ನಡೆಸುವವನಿಗೆ ಅದು ಹೊಸ ಮಾತಲ್ಲ. ಒಬ್ಬ ಸದಸ್ಯ, ಒಬ್ಬ ಗುತ್ತಿಗೆದಾರ ಒಟ್ಟಿಗೆ ಹತ್ತಿದರೆ ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ಕೆಂಪು ಗುಂಡಿ ಒತ್ತಬೇಕು, ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಹಿಂದೆ ಚೀಲದ ಜಿಪ್ಪು ಎಳೆದದ್ದು ಕೇಳಿಸದವನಂತಿರಬೇಕು. ಹನ್ನೊಂದು ವರ್ಷಗಳಿಂದ ಹೀಗೆ. ಆಗುವುದಿಲ್ಲ ಎನ್ನಲು ಎಷ್ಟೋ ಸಲ ಬಾಯಿ ತೆರೆದಿದ್ದ. ಕೆಲಸ ಹೋದರೆ ಪಿಂಚಣಿಯೂ ಹೋದೀತು. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಪ್ರತಿಸಲವೂ ಕೊನೆಗೆ ಗುಂಡಿ ಒತ್ತುತ್ತಿದ್ದ.

ಈ ಚುನಾವಣೆಗೆ ಸದಸ್ಯರ ಸಂಖ್ಯೆಯನ್ನು ಇಮ್ಮಡಿ ಮಾಡಿದ್ದರು. ಕೊಳ್ಳಬೇಕಾದವರು ಹೆಚ್ಚಾದಷ್ಟೂ ಲಂಚ ಕಡಿಮೆಯಾಗುತ್ತದಂತೆ ಎಂದು ಅವನು ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಇಲಿ ಜಾಸ್ತಿ ತಂದುಬಿಟ್ರೆ ಕಾಳು ಉಳಿಯತ್ತೇನ್ರೀ?" ಎಂದಿದ್ದಳು.

ಸದಸ್ಯರು ಇಮ್ಮಡಿಯಾದರೂ ಲಿಫ್ಟ್ ಮಾತ್ರ ಅದೇ ಒಂದು. ಹೊಸದಾಗಿ ಗೆದ್ದುಬಂದ ಸೂಲಗಿತ್ತಿಯೊಬ್ಬರು ಮೊದಲ ದಿನದ ಹುರುಪಿನಲ್ಲಿ ಎಲ್ಲರ ಊರುಕೇರಿ ವಿಚಾರಿಸುತ್ತಿದ್ದರು. ಮೇಷ್ಟ್ರೊಬ್ಬರ ಕೊಡೆ ಗುತ್ತಿಗೆದಾರನ ಪಕ್ಕೆಗೆ ಚುಚ್ಚುತ್ತಿತ್ತು. ಅವನು ಹುಡುಕಿಕೊಂಡು ಬಂದಿದ್ದ ಹಳೆಯ ಸದಸ್ಯರು ಮೂಲೆಯಲ್ಲಿ ಒತ್ತಿಹೋಗಿ ಛಾವಣಿ ನೋಡುತ್ತಿದ್ದರು.

"ನಿಲ್ಸು ಅಂದ್ನಲ್ಲ," ಎಂದು ಗುತ್ತಿಗೆದಾರ ಮತ್ತೆ ಗೊಣಗಿದ.

"ಏನಂತೆ ಇವರಿಗೆ?" ಸೂಲಗಿತ್ತಿ ಕೇಳಿದರು.

ಲಿಫ್ಟಿನವನು ಗೋಡೆಯಿಂದ ಈಚೆ ತಿರುಗಿದ. "ಮಧ್ಯೆ ನಿಲ್ಲಿಸ್ಬೇಕಂತಮ್ಮ," ಎಂದುಬಿಟ್ಟ, ಎಲ್ಲರಿಗೂ ಕೇಳಿಸುವಂತೆ.

ಇದ್ದಬದ್ದ ತಲೆಗಳೆಲ್ಲ ಒಟ್ಟಿಗೆ ತಿರುಗಿದವು.

"ಪಾಪ, ತಲೆ ಸುತ್ತತ್ತೇನೋ. ಆ ಚೀಲ ಇಲ್ಲಿ ಕೊಡಿ ಅಣ್ಣ, ನಾನು ಹಿಡ್ಕೋತೀನಿ," ಎಂದು ಸೂಲಗಿತ್ತಿ ಕೈ ಚಾಚಿದರು.

ಗುತ್ತಿಗೆದಾರ ಚೀಲವನ್ನು ಕೂಸಿನಂತೆ ಎದೆಗೆ ಅವಚಿಕೊಂಡು ಮುಂದಿನ ಮಹಡಿಯಲ್ಲೇ ಇಳಿದುಹೋದ. ಹಳೆಯ ಸದಸ್ಯರು ಛಾವಣಿಯಿಂದ ಕಣ್ಣು ಕೀಳಲಿಲ್ಲ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ಹೆಂಡತಿ ನಕ್ಕ ರಭಸಕ್ಕೆ ಸೂಜಿಯ ದಾರವೇ ತುಂಡಾಯಿತು. ಹೊಸ ದಾರ ಪೋಣಿಸುತ್ತ ಅವಳು, "ಇನ್ನೊಂದು ಲಿಫ್ಟ್ ಹಾಕಿಸ್ತಾರೆ, ನೋಡ್ತಿರಿ," ಎಂದಳು.

"ಹಾಕಿಸ್ಲಿ ಬಿಡೆ. ಅದಕ್ಕೂ ಗುಂಡಿ ಒತ್ತೋಕೆ ಒಬ್ಬ ಬೇಕಲ್ಲ."

ಮರುದಿನದಿಂದ ಬೆಳಿಗ್ಗೆ ಗುಂಡಿಗಳನ್ನು ಒರೆಸುವಾಗ ಕೆಂಪು ಗುಂಡಿಯನ್ನು ಮಾತ್ರ ಬಿಡತೊಡಗಿದ. ತಿಂಗಳಾಗುವಷ್ಟರಲ್ಲಿ ಅದರ ಮೇಲೆ ತೆಳ್ಳಗೆ ಧೂಳು ಕೂತಿತ್ತು. ಅವನು ಕನ್ನಡಕ ಏರಿಸಿ, ಬಗ್ಗಿ ನೋಡಿದ. ಒಂದು ಬೆರಳಿನ ಗುರುತೂ ಇರಲಿಲ್ಲ.