ತೊಳೆಯದ ಗೊಂಚಲು

ಷಾಂಪೇನ್ ಸೀಮೆಯ ಆ ಊರಿನಲ್ಲಿ ಬರೀ ಆನ್ಸೆಲ್ಮ್ ಎಂದರೆ ಯಾರಿಗೂ ತಟ್ಟನೆ ಹೊಳೆಯುತ್ತಿರಲಿಲ್ಲ. 'ಕೊಂಬಿನ ಆನ್ಸೆಲ್ಮ್' ಎನ್ನಬೇಕಿತ್ತು. ಚಳಿಗೆ ಮುಂಚೆ ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂಳುವುದು, ವಸಂತದಲ್ಲಿ ತೆಗೆದು ತೊಟ್ಟಿಯ ನೀರಿನಲ್ಲಿ ಒಂದು ಗಂಟೆ ಎಡಕ್ಕೂ ಬಲಕ್ಕೂ ಕಲಕಿ ದ್ರಾಕ್ಷಿ ಸಾಲುಗಳಿಗೆ ಚಿಮುಕಿಸುವುದು, ಚಂದ್ರನನ್ನು ನೋಡಿ ಕತ್ತರಿ ಹಿಡಿಯುವುದು. ಊರವರು ವರ್ಷಗಟ್ಟಲೆ ನಕ್ಕರು. ಅವನ ಷಾಂಪೇನಿಗೆ ದೂರದೂರಿನವರು ಮುಂಚೆಯೇ ಹೆಸರು ಬರೆಸತೊಡಗಿದ ಮೇಲೆ ಆ ನಗು ತಾನಾಗಿಯೇ ಅಡಗಿತು.

ಅವನು ಹೀಗಾದದ್ದು ಹೆಂಡತಿ ಸತ್ತ ಮೇಲೆ. ರೊಲಾಂದ್ ನಲವತ್ತಮೂರಕ್ಕೇ ರಕ್ತದ ಕ್ಯಾನ್ಸರಿನಲ್ಲಿ ಹೋದಳು. ಆಗ ಎಲ್ಲರ ಹಾಗೆ ಇವರೂ ಔಷಧಿ ಹೊಡೆಯುತ್ತಿದ್ದರು. ಔಷಧಿ ಬೆರೆಸುತ್ತಿದ್ದವನು ಇವನು, ಬೆನ್ನಿಗೆ ಪಂಪು ಕಟ್ಟಿಕೊಳ್ಳುತ್ತಿದ್ದವಳು ಅವಳೇ. ಅವಳು ಮಣ್ಣಾದ ವಾರಕ್ಕೆ ಆನ್ಸೆಲ್ಮ್ ಡಬ್ಬಗಳನ್ನೆಲ್ಲ ಮನೆಯಿಂದಾಚೆ ಹಾಕಿದ. ಅವಳ ತವರಿನಿಂದ ಬಂದಿದ್ದ ಸಣ್ಣ ತೋಟದಿಂದಲೇ ಹೊಸ ಬೇಸಾಯ ಶುರುಮಾಡಿದ. ಅಂದಿನಿಂದ ಮನೆಯಲ್ಲೊಂದು ಪದ್ಧತಿ ಬಂತು. ಕೊಯ್ಲಿನ ಬೆಳಿಗ್ಗೆ ಆ ತೋಟದ ಮೊದಲ ಗೊಂಚಲನ್ನು ತೊಳೆಯದೆ, ಒರೆಸದೆ, ಕೈಯಾರೆ ಮಗಳ ಬಾಯಿಗಿಡುವುದು. "ತಿನ್ನು ಮಗಳೇ, ಇದರಲ್ಲಿ ಏನೂ ಇಲ್ಲ" ಎನ್ನುತ್ತಿದ್ದ. ಮೊದಲ ಸಲ ಮಗಳು ನೊಎಮಿಗೆ ಹದಿನೈದು. ಈಗ ನಲವತ್ತಾರು.

ಈಗ ಆ ಕೈ ನಡುಗುತ್ತದೆ. ಇದು ನರಗಳ ಕಾಯಿಲೆ, ಹಿಂದೆ ಹೊಡೆದ ಔಷಧಿಯ ಫಲವೇ ಎಂದು ಡಾಕ್ಟರು ಕಾಗದದಲ್ಲೇ ಬರೆದುಕೊಟ್ಟಿದ್ದರು. "ತೊಟ್ಟಿ ಕಲಕೋಕೆ ಹೇಳಿ ಮಾಡಿಸಿದ ಕೈ ಕಣೇ, ನಾನು ಸುಮ್ನಿದ್ರೂ ಅದು ಕೆಲಸ ಮಾಡುತ್ತೆ" ಎಂದು ಅವನೇ ತಮಾಷೆ ಮಾಡುತ್ತಿದ್ದ. ಆದರೆ ಈ ವಸಂತದಲ್ಲಿ ಗಂಟಲಿನಲ್ಲಿ ಸೂಪು ಇಳಿಯುವುದೂ ಕಷ್ಟವಾಯಿತು. ಇನ್ನೊಂದು ಕೊಯ್ಲು ನೋಡಿದರೆ ಹೆಚ್ಚು ಎಂದು ಡಾಕ್ಟರು ನೊಎಮಿಯನ್ನು ಪಕ್ಕಕ್ಕೆ ಕರೆದು ಹೇಳಿದರು. ಅಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಿಮ್ಮಮ್ಮನ ತೋಟದ ಕೊಯ್ಲು ಇನ್ನೊಂದು ಸಲ ಕಣ್ತುಂಬಾ ನೋಡ್ಬಿಟ್ರೆ ಸಾಕು" ಎಂದಷ್ಟೇ ಅಂದ.

ಆ ವರ್ಷವೇ ಮಳೆ ಹಠ ಹಿಡಿಯಬೇಕೇ! ಜೂನ್ ಪೂರ್ತಿ ಸುರಿಯಿತು. ಬೂಜುರೋಗ ಸಾಲಿನಿಂದ ಸಾಲಿಗೆ ಹಬ್ಬಿತು. ನೊಎಮಿ ತುರಿಕೆಗಿಡದ ಕಷಾಯ ಹೊಡೆದಳು, ಇಂಥ ಬೇಸಾಯದ ನಿಯಮ ಒಪ್ಪುವಷ್ಟು ತಾಮ್ರದ ದ್ರಾವಣವನ್ನೂ ಹೊಡೆದಳು. ಬೆಳಿಗ್ಗೆ ಹೊಡೆದದ್ದು ಮಧ್ಯಾಹ್ನದ ಮಳೆಗೆ ತೊಳೆದುಹೋಗುತ್ತಿತ್ತು. ಇಳಿಜಾರಿನ ಕೆಳಗಿದ್ದ ತಮ್ಮ ಬೇರೆ ತೋಟಗಳ ಆಸೆ ಬಿಟ್ಟಳು. ಜುಲೈಯಲ್ಲಿ ಅಮ್ಮನ ತೋಟದ ಎಲೆಯಡಿಯಲ್ಲೂ ಬಿಳಿ ಬೂಜು ಕಂಡಾಗ ಅವಳು ಎಲೆ ಮಗುಚುತ್ತ ಸಾಲಿನ ಕೊನೆಯವರೆಗೂ ನಡೆದಳು.

ಪಕ್ಕದ ತೋಟದ ಥಿಬೋ ಸಾಲಿನಾಚೆಯಿಂದ ಅಂದ: "ಕೊಂಬು ಊದ್ಕೊಂಡು ಕೂತ್ರೆ ಆಗಲ್ಲ ನೊಎಮಿ. ಬಳ್ಳಿಯೊಳಕ್ಕೇ ಇಳಿಯೋ ಔಷಧಿ ಇದೆ. ಒಂದೇ ಸಲ ಹೊಡಿ, ಯಾರಿಗೆ ಗೊತ್ತಾಗುತ್ತೆ?"

"ಬಾಯಿ ಮುಚ್ಚೋ!" ಎಂದಳು. ಮೂರನೆಯ ದಿನ ತಾನೇ ಹೋಗಿ ಡಬ್ಬ ಈಸಿಕೊಂಡು ಬಂದಳು. ಅಪ್ಪ ಊಟ ಮಾಡಿ ಮಲಗಿದ್ದ ಹೊತ್ತಿನಲ್ಲಿ ಹೊಡೆದು ಮುಗಿಸಿದಳು. ರೋಗ ನಿಂತಿತು.

ಸೆಪ್ಟೆಂಬರಿನಲ್ಲಿ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಂದಳು. ಕೊಯ್ಲಿನವರು ಕತ್ತರಿ ಹಿಡಿದು ಕಾದಿದ್ದರು. ತುಂಬಿದ ಗೊಂಚಲುಗಳನ್ನು ಕಂಡು ಮುದುಕ ಮಗುವಿನಂತೆ ಅತ್ತ. "ನೋಡಿದ್ಯಾ? ಊರೆಲ್ಲಾ ಕೊಳೆತ್ರೂ ಇದಕ್ಕೇನೂ ಆಗಿಲ್ಲ. ನಿಮ್ಮಮ್ಮ ಕಾಪಾಡ್ಕೊಂಡ್ಲು!"

ನೊಎಮಿ ನಗಲು ನೋಡಿದಳು. ಯಾರೋ ಮೊದಲ ಗೊಂಚಲು ಕೊಯ್ದು ಅವನ ತೊಡೆಯ ಮೇಲಿಟ್ಟರು. ಅವನು ಒಂದು ಹಣ್ಣು ಕಿತ್ತ. ಆ ನಡುಗುವ ಕೈ ಅವಳ ತುಟಿಯವರೆಗೆ ಬರಲು ಬಹಳ ಹೊತ್ತು ಹಿಡಿಯಿತು.

"ತಿನ್ನು ಮಗಳೇ, ಇದರಲ್ಲಿ ಏನೂ ಇಲ್ಲ."

ಹೊಡೆದು ಎರಡು ತಿಂಗಳಾಗಿತ್ತು. ತಿಂದರೆ ಏನೂ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ತೆರೆಯಲಿಲ್ಲ.

"ಹೊಟ್ಟೆ ಸರಿಯಿಲ್ಲಪ್ಪ."

"ನಿನ್ನೆ ಅಷ್ಟೊಂದು ಚೀಸ್ ಬಾರಿಸಿದೆ, ಈಗ ಹೊಟ್ಟೆ ಸರಿಯಿಲ್ವಂತೆ! ಹೋಗ್ಲಿ ಬಿಡು, ಈ ಸಲ ನಾನೇ ತಿಂತೀನಿ." ಹಣ್ಣನ್ನು ತನ್ನ ಬಾಯಿಗೆ ಒಯ್ದ.

ನೊಎಮಿ ಅವನ ಮಣಿಕಟ್ಟು ಹಿಡಿದುಬಿಟ್ಟಳು. "ಬೇಡಪ್ಪಾ!"

ಹಣ್ಣು ನೆಲಕ್ಕೆ ಬಿತ್ತು. ಅಪ್ಪ ಅವಳ ಮುಖ ನೋಡಿದ. ಕೈಗೆಟುಕಿದ ಎಲೆಯೊಂದನ್ನು ಮಗುಚಿ ನೋಡಿದ; ಅಡಿಯಲ್ಲಿ ಬೂಜು ಹಿಡಿದು ಅಲ್ಲಿಗೇ ನಿಂತ ಒಣ ಕಲೆಯಿತ್ತು.

"ಎಷ್ಟು ಸಲ?"

"ಒಂದೇ ಸಲ. ಜುಲೈನಲ್ಲಿ. ನಿನಗೆ ತೋರಿಸ್ಲೇಬೇಕು ಅಂತ..."

ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅಪ್ಪ ಕೊಯ್ಲಿನವರ ಕಡೆ ತಿರುಗಿ, "ಕತ್ತರಿ ಒಳಗಿಡ್ರಪ್ಪ, ಈ ತೋಟ ಕೊಯ್ಯೋದಿಲ್ಲ" ಎಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತ ಖಾಲಿ ಬುಟ್ಟಿಗಳೊಂದಿಗೆ ಇಳಿದುಹೋದರು. ಮೂವತ್ತು ವರ್ಷದಲ್ಲಿ ಆ ತೋಟ ಕೊಯ್ಯದೆ ಉಳಿದದ್ದು ಅದೇ ಮೊದಲು. ಅವನ ಪಾಲಿಗೆ ಮುಂದಿನ ಕೊಯ್ಲು ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ನೊಎಮಿ ಕುರ್ಚಿಯ ಪಕ್ಕ ಮಣ್ಣಿನಲ್ಲೇ ಕುಸಿದು ಕೂತಳು. ಅಪ್ಪ ಅವಳ ಎರಡೂ ಕೈ ಎಳೆದುಕೊಂಡು ಅಂಗೈ ತಿರುಗಿಸಿ ನೋಡಿದ, ಬೆರಳ ಸಂದಿಗಳನ್ನು ನೋಡಿದ.

"ಹೊಡೀವಾಗ ಮೂಗಿಗೆ, ಬಾಯಿಗೆ ಬಟ್ಟೆ ಕಟ್ಕೊಂಡಿದ್ಯಾ?"

ಅವಳು ಏನನ್ನೂ ಕಟ್ಟಿಕೊಂಡಿರಲಿಲ್ಲ. ಅವಸರದಲ್ಲಿ ಅದರ ನೆನಪೇ ಆಗಿರಲಿಲ್ಲ.

"ಹೂಂ ಅಪ್ಪ. ಚೆನ್ನಾಗಿ ಕಟ್ಕೊಂಡಿದ್ದೆ."

ಅಪ್ಪ ಅವಳ ಕೈ ಬಿಡಲಿಲ್ಲ.

"ನಿಮ್ಮಮ್ಮನೂ ಹಾಗೇ ಹೇಳ್ತಿದ್ಲು" ಎಂದ.